ಐದು ಕಾಯಿ ತುರಿ

ಆ ವರ್ಷದ ಚೌತಿಗೆ ಮನೆಯಲ್ಲಿ ಊಟಕ್ಕೆ ಇದ್ದವರು ಆರೇ ಜನ. ಅಡುಗೆ ನಾನೇ ಮಾಡುತ್ತೇನೆ ಅಂದರು ಅಪ್ಪ. ಅವರು ಬಿದ್ದು ನಾಲ್ಕು ತಿಂಗಳಾಗಿತ್ತು. ತಲೆಯ ಗಾಯ ಮಾಯ್ದು ಮೇಲೆ ಕೂದಲೂ ಬಂದಿತ್ತು. ಅಮ್ಮನಿಗೆ ಹಿಗ್ಗೋ ಹಿಗ್ಗು. ಬೆಳಿಗ್ಗೆಯೇ ಬೇಳೆ, ತರಕಾರಿ, ಕಾಯಿ ಎಲ್ಲ ಕಟ್ಟೆಯ ಮೇಲೆ ಜೋಡಿಸಿಟ್ಟು, ತಾನು ಹೂವು ಕಟ್ಟಲು ಕೂತಳು.

ಹನ್ನೊಂದೂವರೆಗೆ ನಾನು ಅಡುಗೆಮನೆಗೆ ಹೋದೆ. ಅಪ್ಪ ನೆಲದ ಮೇಲೆ ತುರಿಮಣೆ ಹಾಕಿಕೊಂಡು ಕೂತಿದ್ದರು. ಮುಂದಿದ್ದ ಅಗಲದ ತಟ್ಟೆ ತುಂಬಿ, ತುರಿ ನೆಲಕ್ಕೆಲ್ಲ ಚೆಲ್ಲಿತ್ತು. ಪಕ್ಕದಲ್ಲಿ ಒಂಬತ್ತು ಚಿಪ್ಪು. ಹತ್ತನೆಯ ಹೋಳು ಕೈಯಲ್ಲಿತ್ತು. ಆರು ಜನರ ಅಡುಗೆಗೆ ಐದು ಕಾಯಿ. ಬೇಳೆ ತೊಳೆದ ನೀರಲ್ಲೇ ಕೂತಿತ್ತು. ಕುಕ್ಕರ್ ಇಟ್ಟೇ ಇರಲಿಲ್ಲ. ಬೀನ್ಸ್ ಅರ್ಧ ಹೆಚ್ಚಿ ಬಿಟ್ಟಿದ್ದರು. ಸಣ್ಣ ಒಲೆಯ ಮೇಲೆ ಒಗ್ಗರಣೆ ಸೌಟು ಹೊಗೆಯಾಡುತ್ತಿತ್ತು. ಒಳಗಿನ ಸಾಸಿವೆ ಸುಟ್ಟು ಕರಿಪುಡಿಯಾಗಿತ್ತು.

ನಾನು ಒಲೆ ಆರಿಸಿದೆ. ಸಿಟ್ಟು ಬಂತು. "ಮೂವತ್ತು ವರ್ಷ ಅಡುಗೆ ಮಾಡಿದವರಿಗೆ ಇಷ್ಟೂ ಗೊತ್ತಾಗಲ್ವಾ ಅಪ್ಪಾ?" ಅಂದುಬಿಟ್ಟೆ.

ಅಪ್ಪ ತಲೆ ಎತ್ತಿದರು. ಕೈ ಮಾತ್ರ ತುರಿಯುತ್ತಲೇ ಇತ್ತು. "ಗೊತ್ತು ಪುಟ್ಟೀ. ಕಾಯಿ ಸಾಕು ಅಂತ ಗೊತ್ತು. ಕೈ ನಿಲ್ತಾ ಇಲ್ಲ" ಅಂದರು.

ಆ ಮಾತು ನನಗೆ ಅರ್ಥವಾಗಲು ಬಹಳ ದಿನ ಬೇಕಾಯಿತು.

ನಮ್ಮಪ್ಪ ಮದುವೆ, ಉಪನಯನದ ಮನೆಗಳಿಗೆ ಅಡುಗೆ ಮಾಡುತ್ತಿದ್ದವರು. ಶಿವಮೊಗ್ಗದ ನಮ್ಮ ಕಡೆ ಎಲ್ಲರ ಬಾಯಲ್ಲೂ ಭಟ್ರು. ಐನೂರು ಎಲೆಯ ಊಟ ಇದ್ದರೆ ಹಿಂದಿನ ರಾತ್ರಿಯೇ ಅವರ ಲೆಕ್ಕ ಶುರುವಾಗುತ್ತಿತ್ತು. ಹೋಳಿಗೆಯ ಕಣಕ ಎಣ್ಣೆಯಲ್ಲಿ ನೆನೆಯಬೇಕು, ಹೂರಣ ರುಬ್ಬಿ ಆರಬೇಕು. ಬೇಳೆ ಬೇಯುವಷ್ಟರಲ್ಲಿ ತರಕಾರಿ ಹೆಚ್ಚಿ ಮುಗಿದಿರಬೇಕು. ಅನ್ನ ಕಡೆಗೆ ಆಗಬೇಕು, ಬಿಸಿಬಿಸಿಯಾಗಿಯೇ ಎಲೆಗೆ ಬೀಳಬೇಕು. ಕೋಸಂಬರಿಗೆ ಉಪ್ಪು ಹಾಕುವುದು ಬಡಿಸುವ ಹೊತ್ತಿಗೆ, ಇಲ್ಲದಿದ್ದರೆ ಸೌತೆಕಾಯಿ ನೀರು ಬಿಟ್ಟುಕೊಳ್ಳುತ್ತದೆ. ನಡುವೆ ಗ್ಯಾಸ್ ಮುಗಿಯಬಹುದು. ಹೆಣ್ಣಿನ ಕಡೆಯವರು ಬಂದು "ಭಟ್ರೇ, ಇನ್ನೂ ನೂರು ಜನ ಜಾಸ್ತಿ ಆಗ್ತಾರೆ" ಅನ್ನಬಹುದು. ಆಗ ಇಡೀ ಲೆಕ್ಕ ನಿಂತಲ್ಲೇ ಬದಲಾಗಬೇಕು. ಅಪ್ಪನ ಕೈಯಲ್ಲಿ ಒಂದು ಚೀಟಿಯೂ ಇರುತ್ತಿರಲಿಲ್ಲ. ಅವರು ಸೌಟು ಹಿಡಿಯುತ್ತಿದ್ದದ್ದೂ ಕಡಿಮೆ. ಒಲೆಗಳ ನಡುವೆ ಸುಮ್ನೆ ನಿಂತಿರುತ್ತಿದ್ದರು. "ಹೂಂ, ಈಗ ಹುಳಿ ಹಿಂಡು", "ಅದನ್ನ ಇಳಿಸು". ಇಷ್ಟೇ ಮಾತು. ಹನ್ನೆರಡೂವರೆಗೆ ಮೊದಲ ಪಂಕ್ತಿ ಅಂದರೆ ಹನ್ನೆರಡೂವರೆಗೇ ಎಲೆ ಹಾಕುತ್ತಿದ್ದರು.

ಹೀಗೆ ನಡುವೆ ನಿಂತು ನಡೆಸುವ ಕೆಲಸವೊಂದು ನಮ್ಮೆಲ್ಲರ ತಲೆಯಲ್ಲೂ ನಡೆಯುತ್ತಿರುತ್ತದೆ. ಎಕ್ಸಿಕ್ಯೂಟಿವ್ ಫಂಕ್ಷನ್ಸ್ ಅನ್ನುತ್ತಾರೆ. ಕನ್ನಡದಲ್ಲಿ "ಕಾರ್ಯನಿರ್ವಾಹಕ ಸಾಮರ್ಥ್ಯ" ಅಂತ ಬರೆಯುವುದುಂಟು. ನನಗೆ ಅದಕ್ಕಿಂತ ಹತ್ತಿರದ ಮಾತು ಉಸ್ತುವಾರಿ. ಯಾವುದು ಮೊದಲು, ಯಾವುದು ಆಮೇಲೆ ಅಂತ ನೋಡುವುದು, ಶುರು ಮಾಡುವುದು, ನಿಲ್ಲಿಸುವುದು, ಒಂದರಿಂದ ಇನ್ನೊಂದಕ್ಕೆ ಹೊರಳುವುದು, ಬೇಡದ್ದನ್ನು ತಡೆಯುವುದು. ಅಡುಗೆ ಗೊತ್ತಿರುವುದು ಬೇರೆ, ಅಡುಗೆಯ ಉಸ್ತುವಾರಿ ಬೇರೆ. ಅಪ್ಪನಿಗೆ ಪೆಟ್ಟು ಬಿದ್ದದ್ದು ಉಸ್ತುವಾರಿಗೆ.

ಅದು ಮೇ ತಿಂಗಳು, ಮದುವೆಯ ಕಾಲ. ಕೆಲಸ ಮುಗಿಸಿ ಸಹಾಯಕನ ಸ್ಕೂಟರಿನಲ್ಲಿ ಹಿಂದೆ ಕೂತು ಬರುತ್ತಿದ್ದರು. ಹೆಲ್ಮೆಟ್ ಇರಲಿಲ್ಲ. ರಸ್ತೆ ಉಬ್ಬು ಹಾರಿದಾಗ ಹಿಂದಕ್ಕೆ ಬಿದ್ದರು. ಡಾಂಬರಿಗೆ ಬಡಿದದ್ದು ತಲೆಯ ಹಿಂಭಾಗ. ಆದರೆ ಸ್ಕ್ಯಾನಿನಲ್ಲಿ ರಕ್ತದ ಕಲೆಗಳು ಕಂಡದ್ದು ಮುಂಭಾಗದಲ್ಲಿ, ಹಣೆಯ ಹಿಂದೆ, ಎರಡೂ ಬದಿಗೆ. ಇದು ಹೇಗೆ ಅಂತ ನನಗೆ ತುಂಬ ದಿನ ಹೊಳೆಯಲಿಲ್ಲ. ಮೆದುಳು ತಲೆಬುರುಡೆಗೆ ಅಂಟಿಕೊಂಡಿಲ್ಲ, ದ್ರವದಲ್ಲಿ ತೇಲಿಕೊಂಡಿರುತ್ತದೆ. ತಲೆ ಗಕ್ಕನೆ ನಿಂತರೂ ಒಳಗಿನ ಮೆದುಳು ಓಲಾಡುತ್ತದೆ. ಬುರುಡೆಯ ಒಳಗೋಡೆ ಹಿಂದುಗಡೆ ಸಾಕಷ್ಟು ನುಣುಪು. ಮುಂದೆ, ಕಣ್ಣಿನ ಗುಳಿಗಳ ಮೇಲೆ, ಅದರ ತಳ ಉಬ್ಬು ತಗ್ಗು, ಒರಟು. ಮೆದುಳಿನ ಮುಂಭಾಗ ಆ ಒರಟಿನ ಮೇಲೆ ಉಜ್ಜಿಕೊಂಡು ಜಜ್ಜಿಹೋಗುತ್ತದೆ. ಹಿಂದಕ್ಕೆ ಬಿದ್ದವರಿಗೆ ಮುಂದೆ ಗಾಯವಾಗುವುದು ಹೀಗೆ.

ಅದೇ ಜಾಗದಲ್ಲಿ ಮೂಗಿನಿಂದ ಮೇಲಕ್ಕೆ ಹೋಗುವ ವಾಸನೆಯ ನರಗಳು ಜರಡಿಯಂಥ ತೆಳು ಮೂಳೆಯನ್ನು ದಾಟುತ್ತವೆ. ಎಳೆ ಎಳೆಯಾಗಿರುವ ಅವು ಇಂಥ ಏಟಿಗೆ ಹರಿದುಹೋಗಬಹುದು. ಅಪ್ಪನಿಗೆ ವಾಸನೆ ಹೋಗಿತ್ತು. ಸಾಸಿವೆ ಸುಟ್ಟದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಇಂಗಿನ ಘಮಕ್ಕೇ ಹದ ಹೇಳುತ್ತಿದ್ದ ಮನುಷ್ಯ. ಇದನ್ನು ಬರೆಯುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ಆಸ್ಪತ್ರೆಯಿಂದ ಬಿಡುವ ದಿನ ಡಾಕ್ಟರು ಕೇಳಿದರು: ನಿಮ್ಮ ಹೆಸರೇನು, ಇವತ್ತು ಯಾವ ವಾರ, ಇದು ಯಾವ ಊರು, ನೂರರಲ್ಲಿ ಏಳು ಕಳೆದರೆ ಎಷ್ಟು. ಅಪ್ಪ ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟರು. ಕೈಕಾಲು ಆಡುತ್ತಿದ್ದವು, ಮಾತು ನೆಟ್ಟಗಿತ್ತು, ಹಳೆಯ ನೆನಪೂ ಹೊಸ ನೆನಪೂ ಚೆನ್ನಾಗಿದ್ದವು. "ದೇವರು ದೊಡ್ಡವನು, ಪೂರ್ತಿ ಹುಷಾರಾಗಿದ್ದಾರೆ" ಅಂದರು ಎಲ್ಲರೂ. ಮುಂದೆ ಹೀಗೆಲ್ಲ ಆಗಬಹುದು ಅಂತ ಯಾರಾದರೂ ಒಂದು ಮಾತು ಹೇಳಿದ್ದರೆ ಅಂತ ಆಮೇಲೆ ಎಷ್ಟೋ ಸಲ ಅನಿಸಿದೆ.

ಮನೆಗೆ ಬಂದ ಮೇಲೆ ಬೇರೆಯದೇ ಶುರುವಾಯಿತು. ಬೆಳಿಗ್ಗೆ ಎದ್ದು ಮಂಚದ ಮೇಲೆ ಕೂತರೆ ಕೂತರು. ಸ್ನಾನ ಮಾಡಿ ಅಂದರೆ "ಹೂಂ" ಅನ್ನುವರು, ಏಳುತ್ತಿರಲಿಲ್ಲ. ಅಟ್ಟದಿಂದ ಕೊಳಗ ತರಲು ಹೋದವರು ಹಳೆಯ ಪಂಚಾಂಗ ಹಿಡಿದು ಇಳಿಯುತ್ತಿದ್ದರು. ಜೋರಾಗಿ ಮಾತಾಡದವರು ಪಕ್ಕದ ಮನೆಯ ಅಜ್ಜಿಗೆ ಎದುರೆದುರೇ "ನಿಮ್ಮ ಸೊಸೆ ಹೇಳೋದೇ ಸರಿ, ನೀವು ಬಾಯಿಬಡುಕಿ" ಅಂದುಬಿಟ್ಟರು. ಮನೆಗೆ ಬಂದ ನೆಂಟರ ತೀರ್ಪು ಬೇಗ ಬಂತು. ಕೆಲಸ ಬಿಟ್ಟು ಸೋಮಾರಿಯಾದರು. ಹಟ ಜಾಸ್ತಿಯಾಯಿತು. ವಯಸ್ಸಾಯಿತು, ಮರ್ಯಾದೆ ಬಿಟ್ಟರು. ನಾನೂ ಹಾಗೇ ಅಂದುಕೊಂಡೆ. ಬೆಂಗಳೂರಿನಿಂದ ಫೋನ್ ಮಾಡಿ ಬುದ್ಧಿ ಹೇಳುತ್ತಿದ್ದೆ.

ಚೌತಿ ಮುಗಿದು ಬೆಂಗಳೂರಿಗೆ ಮರಳಿದ ಮೇಲೆ ಓದಲು ಕೂತೆ. ಮೊದಲು ಸಿಕ್ಕಿದ್ದು ಒಬ್ಬ ಅಕ್ಕನ ಕತೆ.

ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಅಂತ ಹೆಸರಾಂತ ಮೆದುಳು ಸರ್ಜನ್ ಇದ್ದರು. ಅವರ ಅಕ್ಕ ರೂತ್‌ಗೆ ವರ್ಷಗಳಿಂದ ಫಿಟ್ಸ್ ಬರುತ್ತಿತ್ತು. ಕಾರಣ ಮೆದುಳಿನ ಬಲ ಮುಂಭಾಗದ ಗೆಡ್ಡೆ. 1928ರ ಕೊನೆಯಲ್ಲಿ ತಮ್ಮನೇ ಅಕ್ಕನಿಗೆ ಆಪರೇಷನ್ ಮಾಡಿದರು. ಗೆಡ್ಡೆಯ ಜೊತೆ ಬಲ ಮುಂಭಾಗದ ಬಹುಪಾಲನ್ನು ತೆಗೆಯಬೇಕಾಯಿತು. ಆಕೆ ಚೇತರಿಸಿಕೊಂಡರು. ಮಾತು, ನೆನಪು, ನಗು ಎಲ್ಲ ಮೊದಲಿನ ಹಾಗೇ ಇದ್ದವು. ಸುಮಾರು ಹದಿನೈದು ತಿಂಗಳಾದ ಮೇಲೆ ಒಂದು ದಿನ ತಮ್ಮನನ್ನು ಊಟಕ್ಕೆ ಕರೆದರು. ಒಬ್ಬ ಅತಿಥಿ, ಮನೆಯವರು ನಾಲ್ವರು, ಒಟ್ಟು ಐದು ಜನರ ಅಡುಗೆ. ಅದಕ್ಕೆ ಇಡೀ ದಿನ ಕೈಯಲ್ಲಿತ್ತು. ಊಟದ ಹೊತ್ತಿಗೆ ನೋಡಿದರೆ ರೂತ್ ಅಡುಗೆಮನೆಯಲ್ಲೇ ನಿಂತಿದ್ದಾರೆ. ಸಾಮಾನೆಲ್ಲ ಎದುರಿಗಿದೆ. ಒಂದೆರಡು ಪಾತ್ರೆ ಒಲೆಯ ಮೇಲಿದೆ. ಸಲಾಡ್ ಆಗಿಲ್ಲ, ಮಾಂಸ ಶುರುವೇ ಮಾಡಿಲ್ಲ. ಒಬ್ಬರೇ ದಿನವಿಡೀ ಒದ್ದಾಡಿ ದಿಕ್ಕು ತೋಚದೆ ನಿಂತಿದ್ದರು.

ಗೆಡ್ಡೆ ಮತ್ತೆ ಬೆಳೆದು ಆಕೆ 1931ರಲ್ಲಿ ತೀರಿಕೊಂಡರು. ಪೆನ್‌ಫೀಲ್ಡ್ ತಮ್ಮ ಸಹೋದ್ಯೋಗಿ ಜೋಸೆಫ್ ಇವಾನ್ಸ್ ಜೊತೆ 1935ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಊಟದ ಪ್ರಸಂಗ ಬರೆದಿದ್ದಾರೆ. ಓದುತ್ತ ಓದುತ್ತ ನನಗೆ ನೆಲಕ್ಕೆ ಚೆಲ್ಲಿದ ಕಾಯಿತುರಿ ಕಣ್ಣ ಮುಂದೆ ಬಂತು. ಅಷ್ಟು ದೂರದ ಊರು, ಅಷ್ಟು ಹಿಂದಿನ ಕಾಲ, ಆದರೂ ಅದೇ ಅಡುಗೆಮನೆ.

ಅದರಲ್ಲೇ ಇನ್ನೊಂದು ಮಾತಿದೆ. ಪಕ್ಕದಲ್ಲಿ ನಿಂತು ಸ್ವಲ್ಪ ನೆರವಾದ ಮೇಲೆ ಅಡುಗೆ ಬೇಗ ಮುಗಿಯಿತು. ರೂತ್ ಎಲ್ಲರ ಜೊತೆ ನಗುತ್ತ ಮಾತಾಡುತ್ತ ಊಟ ಮಾಡಿದರು. ಮೊದಲ ಸಲ ಓದುವಾಗ ಇದನ್ನು ನಾನು ಹಾಗೇ ದಾಟಿಹೋಗಿದ್ದೆ.

ಪೆನ್‌ಫೀಲ್ಡ್ 1934ರಲ್ಲಿ ಕಟ್ಟಿದ ಮಾಂಟ್ರಿಯಲ್ ನ್ಯೂರಾಲಜಿಕಲ್ ಇನ್‌ಸ್ಟಿಟ್ಯೂಟ್‌ನಲ್ಲೇ ಮುಂದೆ ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಕೆಲಸ ಮಾಡಿದರು. ಅವರು ಮುಂಭಾಗದ ಆಪರೇಷನ್ ಆದವರಿಗೆ ಇಸ್ಪೀಟಿನಂಥ ಎಲೆಗಳ ಒಂದು ಆಟ ಆಡಿಸುತ್ತಿದ್ದರು. ಎಲೆಗಳ ಮೇಲೆ ಬೇರೆ ಬೇರೆ ಬಣ್ಣ, ಆಕಾರ, ಎಣಿಕೆ. ಯಾವುದನ್ನು ನೋಡಿ ಜೋಡಿಸಬೇಕು ಅಂತ ಹೇಳುವುದಿಲ್ಲ, ಬರೀ "ಸರಿ", "ತಪ್ಪು" ಅನ್ನುತ್ತಾರೆ. ಬಣ್ಣ ನೋಡಿ ಜೋಡಿಸಬೇಕು ಅಂತ ಆಡುವವರು ಕಂಡುಕೊಳ್ಳುತ್ತಾರೆ. ಸತತ ಹತ್ತು ಸಲ ಸರಿಯಾದ ಮೇಲೆ ಸದ್ದಿಲ್ಲದೆ ನಿಯಮ ಬದಲಾಗುತ್ತದೆ. ಈಗ ಆಕಾರ ನೋಡಬೇಕು. ನಾವಾದರೆ ಒಂದೆರಡು ತಪ್ಪಾದೊಡನೆ ದಾರಿ ಬದಲಿಸುತ್ತೇವೆ. ಆ ರೋಗಿಗಳು ಬಣ್ಣವನ್ನೇ ಹಿಡಿದು ಕೂರುತ್ತಿದ್ದರು. ಮಿಲ್ನರ್ ಇದನ್ನು 1963ರಲ್ಲಿ ಪ್ರಕಟಿಸಿದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇಷ್ಟು: ಕೆಲವರಿಗೆ ತಾವು ಇಡುತ್ತಿರುವ ಎಲೆ ತಪ್ಪು ಅಂತ ಗೊತ್ತಿರುತ್ತಿತ್ತು. ಬಾಯಲ್ಲಿ ತಪ್ಪು ಅನ್ನುತ್ತಲೇ ಅದನ್ನೇ ಇಡುತ್ತಿದ್ದರು.

ಕಾಯಿ ಸಾಕು ಅಂತ ಗೊತ್ತು. ಕೈ ನಿಲ್ತಾ ಇಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಮ್ಯೂಸಿಯಂ ಇದೆ. ಒಂದು ದಿನ ರಜೆ ಹಾಕಿ ಹೋದೆ. ಅಲ್ಲಿ ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿಯಬಹುದು. ರಾಸಾಯನಿಕದಲ್ಲಿಟ್ಟು ಗಟ್ಟಿಯಾದದ್ದು, ಸೀದುಹೋದ ಕೆನೆಯ ಬಣ್ಣ. ಒಂದೂಕಾಲು, ಒಂದೂವರೆ ಕಿಲೋ ಅಂತ ಓದಿದ್ದೆ, ಆದರೆ ಅಂಗೈಗೆ ಬಂದಾಗ ಅದರ ಭಾರ ಬೇರೆಯೇ. ಮುಂಭಾಗವನ್ನು ನನ್ನ ಕಡೆ ತಿರುಗಿಸಿಕೊಂಡೆ. ಇದರಲ್ಲಿ ಯಾವ ಗೆರೆ, ಯಾವ ಮಡಿಕೆ ನಮ್ಮಪ್ಪನದು ಅಂತ ಹುಡುಕಿದೆ.

ಪ್ರೀಫ್ರಂಟಲ್ ಕಾರ್ಟೆಕ್ಸ್ ಅಂತ ಕರೆಯುವುದು ಹಣೆಯ ಹಿಂದಿರುವ ಈ ಭಾಗವನ್ನು. ಇದೇನೂ ಕುರ್ಚಿ ಹಾಕಿಕೊಂಡು ಕೂತ ಒಬ್ಬ ಯಜಮಾನನಲ್ಲ. ಹಣೆಯ ಎರಡು ಬದಿಗೆ, ಮೇಲುಗಡೆ ಇರುವ ಭಾಗ ಕೆಲಸದ ಸಂಗತಿಗಳನ್ನು ಕೈಗೆಟಕುವ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ, ಸಾಲಾಗಿ ಜೋಡಿಸುತ್ತದೆ. 1971ರಲ್ಲಿ ಹೋಕಿನ್ ಫುಸ್ಟರ್ ಮತ್ತು ಗ್ಯಾರೆಟ್ ಅಲೆಕ್ಸಾಂಡರ್ ಕೋತಿಗಳಲ್ಲಿ ಇದನ್ನು ಕಂಡರು. ಎರಡರಲ್ಲಿ ಒಂದು ಗುಂಡಿಯಲ್ಲಿ ತಿಂಡಿ ಇಟ್ಟು, ಮುಚ್ಚಿ, ಪರದೆ ಇಳಿಸಿ ಕೋತಿಯನ್ನು ಕಾಯಿಸುವುದು. ಎದುರಿಗೆ ಏನೂ ಕಾಣದ ಆ ಹೊತ್ತಿನಲ್ಲಿ ಮುಂಭಾಗದ ಕೆಲವು ನರಕೋಶಗಳು ಬಿಡದೆ ಮಿಡಿಯುತ್ತಿದ್ದವು. ಅಟ್ಟ ಹತ್ತುವಾಗ ನಮಗೂ "ಕೊಳಗ, ಕೊಳಗ" ಅಂತ ಒಳಗೆ ಹಿಡಿದಿಡುವ ಏನೋ ಒಂದು ಬೇಕು. ಅದು ಕೈಬಿಟ್ಟರೆ ಕಣ್ಣಿಗೆ ಬಿದ್ದ ಪಂಚಾಂಗವೇ ಕೈಗೆ ಬರುತ್ತದೆ.

ಕಣ್ಣಿನ ಗುಳಿಗಳ ಮೇಲೆ ಮಲಗಿದ ತಳಭಾಗ ಬೇರೆ. ಯಾವುದಕ್ಕೆ ಎಷ್ಟು ಬೆಲೆ, ಯಾವ ಮಾತು ಎಲ್ಲಿ ಆಡಬಾರದು ಅಂತ ತೂಗುವುದಕ್ಕೆ ಅದು ಬೇಕು. ಎರಡು ಅರ್ಧಗಳ ನಡುವಿನ ಒಳಗೋಡೆಯ ಭಾಗ ಎದ್ದು ಶುರು ಮಾಡುವುದಕ್ಕೆ, ಎಡವಿದಾಗ ಎಚ್ಚರವಾಗುವುದಕ್ಕೆ. ಅದಕ್ಕೆ ಪೆಟ್ಟಾದವರು ಬೇಸರವಾಗಲಿ ದುಃಖವಾಗಲಿ ಇಲ್ಲದೆಯೂ ಗಂಟೆಗಟ್ಟಲೆ ಸುಮ್ಮನೆ ಕೂತುಬಿಡಬಹುದು. ಸೋಮಾರಿತನ, ಮರ್ಯಾದೆಗೇಡಿತನ ಅಂತ ನಾವು ಹೆಸರಿಟ್ಟದ್ದು ಇವನ್ನೇ. ಈ ಭಾಗಗಳು ಒಂಟಿಯಾಗಿಯೂ ಕೆಲಸ ಮಾಡುವುದಿಲ್ಲ. ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ, ಥಲಾಮಸ್‌ಗಳಿಗೆ ಹೋಗಿ ಮತ್ತೆ ಮುಂದಕ್ಕೇ ಬರುವ ಸುತ್ತುದಾರಿಗಳಿವೆ. ಮೇಲ್ಭಾಗದ ಹಿಂಬದಿಯ ಪರೈಟಲ್ ಭಾಗವೂ ಜೊತೆಗೂಡುತ್ತದೆ. ದಾರಿ ಎಲ್ಲಿ ತುಂಡಾದರೂ ಉಸ್ತುವಾರಿ ತಪ್ಪುತ್ತದೆ. ಮುಂಭಾಗಕ್ಕೆ ಏನೂ ಆಗದ ಪಾರ್ಕಿನ್ಸನ್ ರೋಗಿಗಳಲ್ಲೂ ಈ ತೊಂದರೆ ಕಾಣುವುದು ಅದಕ್ಕೇ.

ಅಂದಹಾಗೆ, ಈ ಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿ ಕೆಲವು ವರ್ಷಕ್ಕೆ. ಹದಿನಾರರ ಮಗನಿಗೆ "ಇಷ್ಟೂ ಗೊತ್ತಾಗಲ್ವಾ" ಅನ್ನುವ ಅಮ್ಮಂದಿರು ಇದನ್ನು ಓದುತ್ತಿದ್ದರೆ, ಅವನಿಗೂ ಗೊತ್ತಿರುತ್ತದೆ.

ಒಬ್ಬ ಮನಶ್ಶಾಸ್ತ್ರಜ್ಞರು ಅಪ್ಪನಿಗೆ ಪರೀಕ್ಷೆ ಮಾಡಿದರು. ಕೆಲವದರಲ್ಲಿ ಅಪ್ಪ ಚೆನ್ನಾಗಿಯೇ ಮಾಡಿದರು. ನನಗೆ ಮತ್ತೆ ಅನುಮಾನ ಬಂತು. ಅವರು ಹೇಳಿದರು: "ಇಲ್ಲಿ ಶಬ್ದ ಇಲ್ಲ, ಕೆಲಸ ಒಂದೇ. ಶುರು ಮಾಡಿ ಅನ್ನೋದೂ ನಾನೇ, ಸಾಕು ಅನ್ನೋದೂ ನಾನೇ. ಈ ಕೋಣೆಯಲ್ಲಿ ಉಸ್ತುವಾರಿ ನಂದೇ ಆಯ್ತಲ್ಲ?" 1991ರಲ್ಲಿ ಟಿಮ್ ಶಾಲಿಸ್ ಮತ್ತು ಪಾಲ್ ಬರ್ಜೆಸ್ ಇಂಗ್ಲೆಂಡಿನಲ್ಲಿ ಇದನ್ನೇ ತೋರಿಸಿಕೊಟ್ಟಿದ್ದರು. ತಲೆಗೆ ಪೆಟ್ಟಾದ ಮೂವರು. ಬುದ್ಧಿಮತ್ತೆಯ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ. ಅವರನ್ನು ಅಂಗಡಿ ಬೀದಿಗೆ ಕಳಿಸಿ, ಕೆಲವು ಸಾಮಾನು ಕೊಳ್ಳಿ, ಕೆಲವು ವಿಷಯ ತಿಳಿದುಬನ್ನಿ, ಇಷ್ಟು ಹೊತ್ತಿಗೆ ಇಂಥ ಕಡೆ ಇರಿ ಅಂದರು. ಸಣ್ಣ ಸಣ್ಣ ಕೆಲಸ. ಅಲ್ಲಿ ಮೂವರೂ ತಡವರಿಸಿದರು.

ಈ ವಿಷಯ ಎತ್ತಿದರೆ ಎಲ್ಲರೂ ಹೇಳುವುದು ಫಿನಿಯಸ್ ಗೇಜ್ ಕತೆ. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲುದಾರಿಗೆ ಬಂಡೆ ಸಿಡಿಸುವಾಗ ಮೂರೂವರೆ ಅಡಿಯ ಕಬ್ಬಿಣದ ಸರಳು ಅವನ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಬದುಕಿದ, ಆದರೆ ಸ್ವಭಾವ ಕೆಟ್ಟಿತು ಅಂತ ಅಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಬೇಕಾದದ್ದು ಅದರ ಮುಂದಿನ ಭಾಗ. ಅವನು ಚಿಲಿ ದೇಶಕ್ಕೆ ಹೋಗಿ ಸುಮಾರು ಏಳು ವರ್ಷ ಇದ್ದ, ಅಲ್ಲಿ ಕುದುರೆ ಸಾರೋಟು ಓಡಿಸಿದ. ದಿನವೂ ಅದೇ ಹೊತ್ತಿಗೆ ಏಳು, ಕುದುರೆ ನೋಡು, ಅದೇ ದಾರಿಯಲ್ಲಿ ಹೋಗು. ಗೇಜ್ ಬಗ್ಗೆ ಆಳವಾಗಿ ಹುಡುಕಿದ ಮಾಲ್ಕಂ ಮ್ಯಾಕ್ಮಿಲನ್, ಇಂಥ ಕಟ್ಟುನಿಟ್ಟಿನ ದಿನಚರಿಯೇ ಅವನು ಚೇತರಿಸಿಕೊಳ್ಳಲು ನೆರವಾಗಿರಬೇಕು ಅನ್ನುತ್ತಾರೆ. ಒಳಗೆ ಮುರಿದ ಉಸ್ತುವಾರಿಯನ್ನು ಹೊರಗಿನ ದಿನಚರಿ ಹೊತ್ತುಕೊಂಡಿತು.

ಹಾಗಾದರೆ ನಮ್ಮ ಮನೆಯಲ್ಲೂ ಹೊತ್ತುಕೊಳ್ಳಬಹುದಲ್ವಾ?

ಮೊದಲು ಅಮ್ಮನಿಗೆ ಹೇಳಿದೆ. ಅಪ್ಪನ ಸ್ಕ್ಯಾನಿನ ಚಿತ್ರ ತೋರಿಸಿ, ಇಲ್ಲಿ ನೋಡು, ಇದು ಹಟ ಅಲ್ಲ, ಗಾಯ ಅಂದೆ. ಅಮ್ಮ ತುಂಬ ಹೊತ್ತು ಆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ನಾನು ಇವರನ್ನ ಎಷ್ಟು ಬೈದೆನಲ್ಲೇ" ಅಂದಳು. ಅವತ್ತು ಇಬ್ಬರೂ ಅತ್ತೆವು.

ಆಮೇಲೆ ಕೆಲಸಕ್ಕೆ ಇಳಿದೆವು. ಅಡುಗೆಮನೆಯ ಗೋಡೆಗೆ ದೊಡ್ಡ ಅಕ್ಷರದ ಕಾಗದ ಅಂಟಿಸಿದೆ. ಅದರಲ್ಲಿ ಅಡುಗೆ ಮಾಡುವ ವಿಧಾನ ಇಲ್ಲ, ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಬರೀ ಸಾಲು: 1. ಕುಕ್ಕರ್ ಇಡು. 2. ಬೀನ್ಸ್ ಹೆಚ್ಚು. 3. ಒಂದು ಹೋಳು ತುರಿ. ಪಕ್ಕದಲ್ಲಿ ಪೆನ್ಸಿಲ್, ಮುಗಿದದ್ದಕ್ಕೆ ಗೀಟು ಎಳೆಯಲು. ಕಟ್ಟೆಯ ಮೇಲೆ ಆ ಹೊತ್ತಿಗೆ ಬೇಕಾದದ್ದು ಮಾತ್ರ. ಐದು ಕಾಯಿ ಕಣ್ಣ ಮುಂದಿದ್ದರೆ ಐದನ್ನೂ ತುರಿಯುತ್ತಾರೆ. ಒಂದು ಹೋಳು ಇಟ್ಟರೆ ಒಂದೇ. ಒಲೆಯ ಪಕ್ಕ ಗಂಟೆ ಹೊಡೆಯುವ ಟೈಮರ್, ಮೂಗು ಮಾಡುತ್ತಿದ್ದ ಕೆಲಸ ಈಗ ಅದರದ್ದು. ಗಂಟೆ ಹೊಡೆದಾಗ ಕೈ ನಿಲ್ಲಿಸಿ "ಈಗ ಏನು?" ಅಂತ ತಮ್ಮನ್ನು ತಾವೇ ಕೇಳಿಕೊಳ್ಳುವುದನ್ನು ಮನಶ್ಶಾಸ್ತ್ರಜ್ಞರು ಕಲಿಸಿಕೊಟ್ಟರು. ಇಂಥ ಗಾಯವಾದವರಿಗೆ ಹೀಗೆ ನಿಂತು ಗುರಿ ನೆನೆಯುವುದನ್ನು ಅಭ್ಯಾಸ ಮಾಡಿಸುವ ಕ್ರಮವೇ ಇದೆ.

ಹಳೆಯ ಸಹಾಯಕ, ಆವತ್ತು ಸ್ಕೂಟರ್ ಓಡಿಸುತ್ತಿದ್ದವನು, ವಾರಕ್ಕೆ ಎರಡು ಸಲ ಬರತೊಡಗಿದ. ಬಂದು ಪಕ್ಕದಲ್ಲಿ ನಿಲ್ಲುತ್ತಾನೆ. ಅಪ್ಪನ ಕೈಯಿಂದ ಏನನ್ನೂ ಕಿತ್ತುಕೊಳ್ಳುವುದಿಲ್ಲ. ಅವರು ಒಂದರಲ್ಲೇ ಸಿಕ್ಕಿಕೊಂಡಾಗ ಮೆಲ್ಲಗೆ "ಭಟ್ರೇ, ಮುಂದೆ?" ಅನ್ನುತ್ತಾನೆ. ಅಷ್ಟಕ್ಕೇ ಅಪ್ಪನ ಕೈ ಮುಂದಿನದಕ್ಕೆ ಹೋಗುತ್ತದೆ. ಉಪ್ಪು, ಹುಳಿ, ಬೆಲ್ಲ ಎಲ್ಲ ಅದೇ ಹಳೆಯ ಹದ.

ಮೂರು ವರ್ಷ ಆಯಿತು. ಅಪ್ಪ ಮತ್ತೆ ಮದುವೆ ಅಡುಗೆಗೆ ಹೋಗಲಿಲ್ಲ. ವಾಸನೆ ಬರಲಿಲ್ಲ. ಈಗಲೂ ಕೆಲವು ಬೆಳಿಗ್ಗೆ ಮಂಚದ ಮೇಲೆ ಕೂತೇ ಇರುತ್ತಾರೆ. ಅಮ್ಮ ಹೋಗಿ ಟವೆಲ್ ಕೈಗೆ ಕೊಟ್ಟು, ಭುಜ ಮುಟ್ಟಿ "ಏಳಿ" ಅನ್ನುತ್ತಾಳೆ. ಎದ್ದು ಹೋಗುತ್ತಾರೆ.

ಈ ಸಲದ ಚೌತಿಗೆ ನಾನು ಹಿಂದಿನ ದಿನವೇ ಊರಿಗೆ ಹೋಗಿದ್ದೆ. ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಗಡಿಬಿಡಿಯಲ್ಲಿ ಅಮ್ಮ ಇಡೀ ಕಾಯಿ ಒಡೆದು ಎರಡೂ ಹೋಳು ಅಪ್ಪನ ಮುಂದೆ ಇಟ್ಟು ಹೋಗಿದ್ದಳು. ನಾನು ಬಾಯಿ ತೆಗೆಯಲು ಹೋಗಿ ತಡೆದುಕೊಂಡೆ. ಅಪ್ಪ ಮೊದಲ ಹೋಳು ತುರಿದು ಮುಗಿಸಿದರು. ಎರಡನೆಯದನ್ನು ಕೈಗೆ ತೆಗೆದುಕೊಂಡರು. ಮಣೆಯ ಹಲ್ಲಿಗೆ ಒತ್ತಿ ಒಂದು ಸಲ, ಎರಡು ಸಲ ತಿರುಗಿಸಿದರು. ಕೈ ನಿಂತಿತು. ಗೋಡೆಯ ಕಾಗದ ನೋಡಿದರು. ಹೋಳನ್ನು ಕೆಳಗಿಟ್ಟು, ಎದ್ದು, ಪೆನ್ಸಿಲಿನಿಂದ ಮೂರನೆಯ ಸಾಲಿಗೆ ಗೀಟು ಎಳೆದರು. ಆಮೇಲೆ ತುರಿಮಣೆ ತೊಳೆದು ಗೋಡೆಗೆ ಒರಗಿಸಿಟ್ಟರು.